ಎರಡು ಎಕರೆ ಹದಿನೈದು ಗುಂಟೆ ಅಂದರೆ 2.15 ಅಲ್ಲ

ಒಬ್ಬ ಕುರಿ ಕಾಯುವವನ ಹತ್ತಿರ 26 ಕುರಿ, 10 ಮೇಕೆ ಇವೆ. ಅವನ ವಯಸ್ಸೆಷ್ಟು?

ಎಂಟನೇ ತರಗತಿಯ ಬೋರ್ಡಿನ ಮೇಲೆ ಇಷ್ಟು ಬರೆದು ಸುಮ್ನೆ ನಿಂತೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 36 ಅಂತ ಬರೆದರು. ಒಬ್ಬ ಮಾತ್ರ 16 ಅಂದ. ಯಾಕೋ ಅಂದರೆ, "ಕೂಡಿದ್ರೆ 36, ಕಳೆದ್ರೆ 16 ಸಾರ್, ಎರಡರಲ್ಲಿ ಯಾವ್ದೋ ಒಂದು" ಅಂದ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ, ಮನೆಯಲ್ಲಿ ನಿಜವಾಗಿಯೂ ಕುರಿ ಸಾಕಿದ್ದಾರೆ, ರಜೆಯಲ್ಲಿ ಇವನೇ ಮೇಯಿಸುವುದು. ಅವನೂ 36 ಬರೆದಿದ್ದ.

"ನಿಮ್ಮಪ್ಪನ ವಯಸ್ಸನ್ನ ಕುರಿ ಎಣಿಸಿ ಹೇಳ್ತೀಯೇನೋ?"

"ಇಲ್ಲ ಸಾರ್. ಆದ್ರೆ ಇದು ಗಣಿತ ಅಲ್ವಾ?"

ಆ ಮಾತು ನನಗೆ ಚೆನ್ನಾಗಿ ನಾಟಿತು. ಈ ಲೆಕ್ಕ ನನ್ನದಲ್ಲ. 1980ರ ಸುಮಾರಿಗೆ ಫ್ರಾನ್ಸಿನಲ್ಲಿ ಹಡಗಿನ ಕಪ್ತಾನನ ವಯಸ್ಸು ಎಷ್ಟು ಅಂತ ಮಕ್ಕಳಿಗೆ ಹೀಗೇ ಕೇಳಿದ್ದರಂತೆ, ಅಲ್ಲಿನ ಮಕ್ಕಳೂ ಹೀಗೇ ಕೂಡಿದ್ದರಂತೆ. ಎಲ್ಲೋ ಓದಿದ್ದು ನೆನಪಿತ್ತು, ನಮ್ಮ ಮಕ್ಕಳು ಹಾಗೆ ಮಾಡಲಿಕ್ಕಿಲ್ಲ ಎಂಬ ಭಂಡ ಧೈರ್ಯದಲ್ಲಿ ಬರೆದಿದ್ದೆ. ಎಂಟು ವರ್ಷ ಗಣಿತ ಕಲಿತ ಮಕ್ಕಳಿಗೆ ಗಣಿತ ಅಂದರೆ ಕಣ್ಣಿಗೆ ಬಿದ್ದ ಎರಡು ಸಂಖ್ಯೆಗಳನ್ನು ಏನಾದರೂ ಮಾಡುವುದು, ಅಷ್ಟೇ. ಕುರಿಯಾದರೇನು, ಕಲ್ಲಂಗಡಿಯಾದರೇನು.

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಸುತ್ತ ತೆಂಗಿನ ತೋಟ. ಮಕ್ಕಳ ಮನೆಯಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಕೊಬ್ಬರಿ ರೇಟಿನಲ್ಲಿ. ಹಾಗಿದ್ದೂ ಬಹಳ ವರ್ಷ ಪುಸ್ತಕದ ಲೆಕ್ಕವನ್ನೇ ಬೋರ್ಡಿನ ಮೇಲೆ ಬಿಡಿಸಿ, ಮಕ್ಕಳು ಬರೆದುಕೊಂಡು, ಗಂಟೆ ಹೊಡೆದ ಮೇಲೆ ಹೊರಗೆ ಬರುತ್ತಿದ್ದೆ. ಕುರಿಯ ಲೆಕ್ಕ ಆದಮೇಲೆ ಹಾಗೆ ಬರೋಕೆ ಆಗಲಿಲ್ಲ.

ಮೊದಲು ಮಾಡಿದ ಪ್ರಯೋಗ ತೋಪೆದ್ದು ಹೋಯಿತು, ಅದನ್ನೇ ಮೊದಲು ಹೇಳ್ತೀನಿ. ಕಥೆ ಹೇಳಿ ಗಣಿತ ಕಲಿಸಬೇಕು ಅಂತ ನಿರ್ಧಾರ ಮಾಡಿದೆ. ಕಥೆಗೇನು ಬರವಾ? ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಲೆಕ್ಕಗಳನ್ನು ಪದ್ಯದಲ್ಲಿ ಕಟ್ಟಿದ್ದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯನ ನವಿಲು ಮತ್ತು ಹಾವಿನ ಲೆಕ್ಕ ನನಗೆ ಬಹಳ ಇಷ್ಟ. ಒಂಬತ್ತು ಮೊಳ ಎತ್ತರದ ಕಂಬ, ಬುಡದಲ್ಲಿ ಹಾವಿನ ಬಿಲ, ಕಂಬದ ತುದಿಯಲ್ಲಿ ನವಿಲು. ಹಾವು ಕಂಬದ ಎತ್ತರದ ಮೂರರಷ್ಟು ದೂರದಿಂದ, ಅಂದರೆ 27 ಮೊಳದಿಂದ, ಬಿಲದ ಕಡೆ ಹರಿದು ಬರ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಇಬ್ಬರ ವೇಗವೂ ಒಂದೇ. ಬಿಲದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿಬೀಳುತ್ತದೆ?

ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾನು ಅರ್ಧ ಗಂಟೆ ಯಕ್ಷಗಾನವನ್ನೇ ಆಡಿಬಿಟ್ಟೆ. ಹಾವು ಸರಸರ ಬಂತು, ನವಿಲು ಕತ್ತು ಕೊಂಕಿಸಿ ನೋಡಿತು, ಹೀಗೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಸಮೀಕರಣವನ್ನು ನಾನೇ ಬರೆದೆ, ಉತ್ತರ 12 ಮೊಳ ಅಂತ ನಾನೇ ಹೇಳಿದೆ. ಒಂದು ವಾರ ಬಿಟ್ಟು ಕೇಳಿದರೆ ಎಲ್ಲರಿಗೂ ನವಿಲು ನೆನಪಿದೆ, ಹಾವು ನೆನಪಿದೆ, "ಹಾವು ಸತ್ತೋಯ್ತಾ ಸಾರ್?" ಅಂತ ಕೇಳಿದವರೂ ಇದ್ದಾರೆ. ಲೆಕ್ಕ ಒಬ್ಬರಿಗೂ ನೆನಪಿಲ್ಲ. ಕಥೆ ಒಂದು ಕಡೆ, ಗಣಿತ ಇನ್ನೊಂದು ಕಡೆ. ಕಹಿ ಮಾತ್ರೆಗೆ ಬೆಲ್ಲ ಸುತ್ತಿ ಕೊಟ್ಟರೆ ಮಕ್ಕಳು ಬೆಲ್ಲ ಚೀಪಿ ಮಾತ್ರೆ ಉಗಿಯುತ್ತಾರೆ, ನಮ್ಮ ಮನೆಯಲ್ಲೂ ನೋಡಿದ್ದೀನಿ.

ಮುಂದಿನ ವರ್ಷ ಅದೇ ಲೆಕ್ಕವನ್ನು ಮೈದಾನಕ್ಕೆ ತಂದೆ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಕಂಬವನ್ನು ಮಲಗಿಸಿ ಒಂಬತ್ತು ಅಡಿ, ಅದಕ್ಕೆ ಲಂಬವಾಗಿ 27 ಅಡಿ ಗೆರೆ. ತುದಿಯಲ್ಲಿ ನವಿಲು ಒಬ್ಬಳು, ಆ ಕಡೆ ಹಾವು ಒಬ್ಬ. ಕಥೆಯನ್ನು ನಾನು ಮಧ್ಯದಲ್ಲೇ ನಿಲ್ಲಿಸಿದೆ, ಎರಡು ಹಗ್ಗ ಕೊಟ್ಟು ಸುಮ್ಮನಾದೆ. ಇಬ್ಬರ ಹಗ್ಗವೂ ಒಂದೇ ಉದ್ದ ಇರಬೇಕು, ಎರಡರ ತುದಿಯೂ ಗೆರೆಯ ಮೇಲೆ ಒಂದೇ ಕಡೆ ಸೇರಬೇಕು. ಮೊದಲು ಸರಿಯಾಗಿ ಮಧ್ಯಕ್ಕೆ ಹೋದರು. ಅಲ್ಲಿ ನವಿಲಿನ ಹಗ್ಗ ಸಾಲಲಿಲ್ಲ. ಬಿಲದ ಕಡೆ ಸರಿದರು. ಜಗಳ ಆಯಿತು. ಕೊನೆಗೆ 12ರ ಹತ್ತಿರ ಬಂದು ನಿಂತರು, ಟೇಪ್ ಹಿಡಿದರೆ ಒಂದೆರಡು ಇಂಚು ಆಚೀಚೆ. ಆಗ ಒಬ್ಬಳು, "ಪ್ರತಿ ಸಲ ಹಗ್ಗ ಎಳೀಬೇಕಾ ಸಾರ್, ಲೆಕ್ಕದಲ್ಲಿ ಸಿಗಲ್ವಾ?" ಅಂದಳು. ನನಗೆ ಬೇಕಿದ್ದದ್ದೇ ಅದು. ಬಿಲದಿಂದ ದೂರ x ಅನ್ನಿ, ಹಾವು ಹರಿದದ್ದು 27 − x. ಒಂಬತ್ತರ ವರ್ಗ ಕೂಡಿಸು x ವರ್ಗ ಸಮ (27 − x) ವರ್ಗ. ಎರಡೂ ಕಡೆಯ x ವರ್ಗ ಹೊಡೆದುಹೋಗಿ 54x = 648 ಅಂತ ಬಂದಾಗ ಅವರ ಮುಖ ನೋಡಬೇಕಿತ್ತು. ಹಗ್ಗ ಹಿಡಿದು ಒದ್ದಾಡಿದ್ದಕ್ಕೇ ಆ ಎರಡು ಸಾಲಿಗೆ ಬೆಲೆ ಬಂತು.

ಇನ್ನು ಪಹಣಿಗೆ, ಅಂದರೆ ಜಮೀನಿನ ದಾಖಲೆಗೆ, ಬರ್ತೀನಿ. ನಾನು ಪೆಟ್ಟು ತಿಂದು ಕಲಿತದ್ದು ಇದರಲ್ಲೇ ಜಾಸ್ತಿ.

ಎಂಟನೇ ತರಗತಿಗೆ ಬಂದರೂ ದಶಮಾಂಶದ ಚುಕ್ಕಿ ಮಕ್ಕಳಿಗೆ ಬರೀ ಚುಕ್ಕಿ. 0.5 ದೊಡ್ಡದೋ 0.35 ದೊಡ್ಡದೋ ಅಂದರೆ 0.35 ಅನ್ನುತ್ತಾರೆ, 35 ದೊಡ್ಡದಲ್ವಾ. ಎಷ್ಟು ಸಲ ಹೇಳಿದರೂ ಹೋಗಲ್ಲ. ಇದು ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಾಗಿದ್ದು ಒಬ್ಬ ಹುಡುಗ ಜಮೀನಿನ ಮಾತಾಡಿದಾಗ. "ನಮ್ದು 2.15 ಎಕರೆ ಸಾರ್" ಅಂದ. ಎರಡು ಎಕರೆ ಹದಿನೈದು ಗುಂಟೆ. ಅವನ ತಪ್ಪೂ ಅಲ್ಲ, ಪಹಣಿಯಲ್ಲಿ ಹಾಗೇ ಚುಕ್ಕಿ ಇಟ್ಟು ಬರೆದಿರುತ್ತಾರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಪಹಣಿಯ ಚುಕ್ಕಿಯ ಆಚೆ ಇರುವುದು ಹತ್ತರ ಲೆಕ್ಕ ಅಲ್ಲವೇ ಅಲ್ಲ.

ಸರಿ, ನನ್ನದೇ ಮನೆಯ ಪಹಣಿಯ ಜೆರಾಕ್ಸ್ ತಂದೆ. ಒಟ್ಟು ವಿಸ್ತೀರ್ಣ 3.05, ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, 0.12. ಉಳಿದದ್ದೆಷ್ಟು? ಎಲ್ಲರೂ ನೀಟಾಗಿ 2.93 ಬರೆದರು.

"ಎರಡು ಎಕರೆ ತೊಂಬತ್ಮೂರು ಗುಂಟೆನಾ?" ಅಂದೆ.

ಒಂದು ನಿಮಿಷ ಸದ್ದಿಲ್ಲ. ಆಮೇಲೆ ಮೂಲೆಯಿಂದ ಒಬ್ಬ, "ಆಗಲ್ಲ ಸಾರ್, ನಲವತ್ತಕ್ಕೇ ಎಕರೆ ಮುಗೀತು" ಅಂದ. ಹಾಗಾದರೆ ದಶಕ ತರುವ ಕಡೆ ಏನು ತರಬೇಕು? ನಲವತ್ತು ತರಬೇಕು. ಐದು ಗುಂಟೆಗೆ ನಲವತ್ತು ಸೇರಿ ನಲವತ್ತೈದು, ಅದರಲ್ಲಿ ಹನ್ನೆರಡು ಹೋದರೆ ಮೂವತ್ಮೂರು. ಎರಡು ಎಕರೆ ಮೂವತ್ಮೂರು ಗುಂಟೆ. ಅಲ್ಲಿಯವರೆಗೆ 'ಪಕ್ಕದ ಮನೆಯಿಂದ ಸಾಲ ತರುವುದು' ಅಂತ ಗಿಣಿಪಾಠ ಒಪ್ಪಿಸುತ್ತಿದ್ದ ಮಕ್ಕಳಿಗೆ, ಸಾಲ ತಂದದ್ದು ಹತ್ತೇ ಯಾಕೆ ಅನ್ನುವ ಪ್ರಶ್ನೆ ಹುಟ್ಟಿದ್ದೇ ಅವತ್ತು. ಕ್ರಿಕೆಟ್ಟಿನ ಹುಚ್ಚಿನವನೊಬ್ಬ ಎದ್ದು ನಿಂತು, ಓವರಿನಲ್ಲೂ ಇದೇ ಕಥೆ ಸಾರ್, 4.3 ಓವರಿಗೆ 3.5 ಓವರ್ ಸೇರಿಸಿದ್ರೆ 8.2 ಆಗುತ್ತೆ, 7.8 ಅಲ್ಲ ಅಂದ. ನಾಲ್ಕೂವರೆ ಓವರ್ ಅಂದರೆ 4.3, ಒಂದೂವರೆ ಎಕರೆ ಅಂದರೆ 1.20. ಒಂದೂವರೆ ಮೀಟರ್ ಬಟ್ಟೆ ಮಾತ್ರ 1.5.

"ಹಾಗಾದ್ರೆ ಎಕರೆಗೆ ನಲವತ್ತು, ಓವರಿಗೆ ಆರು, ಪುಸ್ತಕಕ್ಕೆ ಮಾತ್ರ ಹತ್ತಾ?"

ಬೋರ್ಡಿನ ಮೇಲೆ ಆ ಮಾತನ್ನೇ ಬರೆದು ಕೆಳಗೆ ಗೆರೆ ಎಳೆದೆ. ಆ ಪಾಠ ನಾಲ್ಕು ಪಿರಿಯಡ್ ತಿಂದಿತು, ನನಗೇನೂ ಬೇಜಾರಿಲ್ಲ. 2 ಎಕರೆ 15 ಗುಂಟೆಯನ್ನು ನಿಜವಾದ ದಶಮಾಂಶಕ್ಕೆ ತಂದರೆ 2.375 ಎಕರೆ. ಹದಿನೈದನ್ನು ನಲವತ್ತರಿಂದ ಭಾಗಿಸುವಾಗ ಭಿನ್ನರಾಶಿ, ದಶಮಾಂಶ ಎರಡೂ ಒಂದೇ ಮನೆಯವು ಅನ್ನೋದು ಅವರಿಗೇ ಕಂಡಿತು. ಆಮೇಲೆ 0.5, 0.35 ಕೇಳಿದರೆ ತಪ್ಪು ಮಾಡುವವರು ಪೂರ್ತಿ ಇಲ್ಲವಾಗಲಿಲ್ಲ, ಕಡಿಮೆಯಾದರು.

ಇದೇ ಖುಷಿಯಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ನಾಳೆ ಎಲ್ಲರೂ ನಿಮ್ಮ ನಿಮ್ಮ ಮನೆಯ ಪಹಣಿ ತನ್ನಿ ಅಂದುಬಿಟ್ಟೆ. ಒಬ್ಬ ಹುಡುಗಿ ಮೂರು ದಿನ ಮರೆತೆ ಮರೆತೆ ಅಂದಳು. ನಾಲ್ಕನೇ ದಿನ ಶಾಲೆಗೇ ಬರಲಿಲ್ಲ. ಬಿಸಿಯೂಟದ ಅಕ್ಕ ಬಂದು, "ಅವರಿಗೆ ಜಮೀನೆಲ್ಲೈತೆ ಸಾರ್, ಅವರಪ್ಪ ಬೇರೆಯವರ ತೋಟದಲ್ಲಿ ಕಾಯಿ ಸುಲಿಯೋದು" ಅಂದರು. ತಲೆ ತಗ್ಗಿಸುವ ಹಾಗಾಯಿತು. ನಿಜ ಜೀವನದ ಗಣಿತ ಅಂತ ನಾವು ಸಲೀಸಾಗಿ ಹೇಳ್ತೀವಿ, ಯಾರ ಜೀವನ ಅಂತ ಕೇಳಿಕೊಳ್ಳಲ್ಲ. ಅವತ್ತಿನಿಂದ ಒಬ್ಬೊಬ್ಬರ ಮನೆಯ ಆಸ್ತಿ, ಸಾಲ, ಸಂಬಳ ಕ್ಲಾಸಿಗೆ ತರಿಸುವುದಿಲ್ಲ. ಶಾಲೆಯ ಜಾಗ, ಊರ ಕೆರೆ, ನನ್ನ ಪಹಣಿ, ಇಷ್ಟೇ. ಆ ಹುಡುಗಿ ಬಂದ ಮೇಲೆ ಅನುಪಾತದ ಪಾಠವನ್ನು ಕಾಯಿ ಸುಲಿಯುವ ಕೂಲಿಯಿಂದ ಶುರು ಮಾಡಿದೆ, ಯಾರ ಹೆಸರೂ ಎತ್ತದೆ. ಸಾವಿರಕ್ಕೆ ಇಷ್ಟು ಅಂದರೆ 1,350 ಕಾಯಿಗೆ ಎಷ್ಟು? ತ್ರೈರಾಶಿಯ ಹಂತಗಳನ್ನು ಉಳಿದವರು ಬರೆಯುತ್ತಿರುವಾಗಲೇ ಅವಳ ಉತ್ತರ ಬಂದಿತ್ತು. ಸಾವಿರದ್ದು ಒಂದು, ನೂರರಂತೆ ಮೂರು, ಮತ್ತೆ ನೂರರ ಅರ್ಧ. ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ 1985ರಲ್ಲಿ ಬಂದ ಒಂದು ಅಧ್ಯಯನ ಬಹಳ ಹೆಸರಾಗಿದೆ: ವ್ಯಾಪಾರದ ಜಾಗದಲ್ಲಿ ಶೇ. 98ರಷ್ಟು ಲೆಕ್ಕ ಸರಿ ಮಾಡಿದ ಮಕ್ಕಳು ಅವೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಸಂಖ್ಯೆಯಾಗಿ ಕೊಟ್ಟಾಗ ಶೇ. 37ರ ಹತ್ತಿರ ನಿಂತರು. ನಮ್ಮ ಶಾಲೆಯಲ್ಲೂ ಅದೇ ನಡೆದಿದೆ, ನಾನು ನೋಡಿರಲಿಲ್ಲ ಅಷ್ಟೇ.

ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಇದನ್ನು ಬಾಯಿಪಾಠ ಮಾಡಿಸದೆ ಮೈದಾನದಲ್ಲಿ ಗುರುತು ಹಾಕಿಸಿದೆ. ಇಷ್ಟು ಜಾಗದಲ್ಲಿ ಎಷ್ಟು ತೆಂಗಿನ ಮರ ಅಂದರೆ ನಾಲ್ಕು ಅಂದರು, ಮೂಲೆಗೊಂದು. ಪಕ್ಕದ ಗುಂಟೆಯವನಿಗೂ ಆ ಮೂಲೆ ಸೇರುತ್ತಲ್ಲ? ಒಂದೊಂದು ಮೂಲೆಯ ಮರವನ್ನು ನಾಲ್ಕು ಗುಂಟೆ ಹಂಚಿಕೊಂಡರೆ ಒಬ್ಬರ ಪಾಲಿಗೆ ಕಾಲು ಮರ, ನಾಲ್ಕು ಕಾಲು ಸೇರಿ ಒಂದು. 33 ಅಡಿ ಅಂತರದಲ್ಲಿ ನೆಟ್ಟರೆ ಗುಂಟೆಗೊಂದು ಮರ, ಎಕರೆಗೆ ನಲವತ್ತು. 30 ಅಡಿಗೆ ನೆಟ್ಟರೆ? 43,560 ಅನ್ನು 900ರಿಂದ ಭಾಗಿಸಿ, 48. ಅಂತರ ಮೂರೇ ಅಡಿ ಕಮ್ಮಿ ಮಾಡಿದ್ದಕ್ಕೆ ಎಂಟು ಮರ ಹೆಚ್ಚು. ಒಬ್ಬ ಇದನ್ನು ಮನೆಗೆ ಹೋಗಿ ಹೇಳಿದನಂತೆ, ಅವರ ತಾತ "ಎಂಟು ಮರ ಜಾಸ್ತಿ ಬರ್ತವೆ, ಬಿಸಿಲು ನಿಮ್ಮ ಮೇಷ್ಟ್ರು ಕೊಡ್ತಾರಾ?" ಅಂತ ಕೇಳಿ ಕಳಿಸಿದ್ದರು. ಉತ್ತರ ಕೊಡೋಕೆ ಆಗಲಿಲ್ಲ.

ತೆಂಗಿನ ಮರದ ನೆರಳಿನಿಂದ ಎತ್ತರ ಕಂಡುಹಿಡಿಯೋಣ ಅಂತ ತೋಟಕ್ಕೆ ಹೋದದ್ದು ಇನ್ನೊಂದು ಪಜೀತಿ. ಪುಸ್ತಕದ ಚಿತ್ರದಲ್ಲಿ ಮರ ಒಂಟಿಯಾಗಿ ನೆಟ್ಟಗೆ ನಿಂತಿರುತ್ತೆ. ತೋಟದಲ್ಲಿ ಮರಗಳು ಬಾಗಿರುತ್ತವೆ, ಒಂದರ ನೆರಳು ಇನ್ನೊಂದರ ಮೇಲೆ, ಯಾವ ಗರಿ ಯಾವುದರದ್ದು ಅಂತ ಗೊತ್ತಾಗಲ್ಲ. ವಾಪಸ್ ಬಂದು ಶಾಲೆಯ ಧ್ವಜಸ್ತಂಭ ಅಳೆದೆವು.

ರಂಗೋಲಿಯದ್ದು ನನಗೆ ಹುಡುಗಿಯರೇ ಕಲಿಸಿದ್ದು. ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಏರುವ ಇಲ್ಲವೇ ಇಳಿಯುವ ಸಂಖ್ಯೆಗಳ ಸಾಲು, ಮಾಡುವಾಗ ಏಳರಿಂದ ಒಂದಕ್ಕೆ ಇಳಿಯುವ ಚುಕ್ಕಿ ಹಾಕಿಸಿದೆ. ಮಧ್ಯದಲ್ಲಿ ಏಳು, ಎರಡೂ ಕಡೆ ಐದು, ಮೂರು, ಒಂದು. ಒಟ್ಟು 25. ಒಂಬತ್ತರಿಂದ ಒಂದಕ್ಕಾದರೆ 41. ಒಬ್ಬಳು ಓರೆಯಾಗಿ ನಿಂತು ನೋಡಿ, "ಸಾರ್, ಇದು ಎರಡು ಚೌಕ ಒಂದರೊಳಗೊಂದು ಕೂತಿರೋದು" ಅಂದಳು. ನಾನು ನಂಬಲಿಲ್ಲ. ಬಣ್ಣ ಬೇರೆ ಮಾಡಿ ತೋರಿಸಿದಳು: ನಾಲ್ಕು ನಾಲ್ಕಲೆ ಹದಿನಾರು, ಮೂರು ಮೂರಲೆ ಒಂಬತ್ತು, ಸೇರಿ 25. 41 ಅಂದರೆ 25 ಮತ್ತು 16. ಬಿ.ಎಡ್. ಮಾಡಿ ಇಷ್ಟು ವರ್ಷವಾದರೂ ದಿನಾ ಬೆಳಿಗ್ಗೆ ದಾಟಿಕೊಂಡು ಬರ್ತಿದ್ದ ರಂಗೋಲಿಯಲ್ಲಿ ನನಗೆ ಇದು ಕಂಡಿರಲಿಲ್ಲ.

ದೂರು ಬರದೇ ಇರುತ್ತಾ? ಮೇಷ್ಟ್ರು ಹಗ್ಗ ಎಳೆಸ್ತಾರೆ, ರಂಗೋಲಿ ಹಾಕಿಸ್ತಾರೆ, ಪೋರ್ಷನ್ ಯಾವಾಗ ಮುಗಿಸ್ತಾರೆ ಅಂತ ಪೋಷಕರ ಸಭೆಯಲ್ಲಿ ಕೇಳಿದರು. ಕೇಳಿದ್ದು ಸರಿ ಇದೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ 80 ಅಂಕದ ಪತ್ರಿಕೆ ಬರೆಯಬೇಕು, ಅಲ್ಲಿ ನವಿಲೂ ಇರಲ್ಲ, ಹಗ್ಗವೂ ಇರಲ್ಲ. ಹಾಗಾಗಿ ಪ್ರತಿ ಪಾಠವನ್ನೂ ಹೀಗೆ ಮಾಡಲ್ಲ. ಬಹುಪದೋಕ್ತಿಗೆ ಊರಿನ ಕಥೆ ಹುಡುಕಿ ಅಂಟಿಸೋಕೆ ಹೋದರೆ ಅದೇ ಕುರಿ, ಕಲ್ಲಂಗಡಿ ಲೆಕ್ಕ ಆಗುತ್ತೆ, ಅದನ್ನು ನೇರವಾಗಿ ಬೋರ್ಡಿನ ಮೇಲೇ ಮಾಡ್ತೀನಿ. ಒಂದು ಅಧ್ಯಾಯಕ್ಕೆ ಒಂದು ಸಂಗತಿ ಸಿಕ್ಕರೆ ಸಾಕು, ಆದರೆ ಅದನ್ನು ಅರ್ಧಕ್ಕೆ ಬಿಡಲ್ಲ. ಗುಂಟೆಯಲ್ಲಿ ಮಾಡಿದ್ದನ್ನು ಅದೇ ವಾರ ಗುಂಟೆಯ ಹೆಸರಿಲ್ಲದ ಲೆಕ್ಕದಲ್ಲಿ ಮಾಡಿಸಲೇಬೇಕು. ಮೊದಲ ವರ್ಷ ಇದನ್ನು ಬಿಟ್ಟಿದ್ದೆ, ಮಕ್ಕಳು ತೋಟದ ಲೆಕ್ಕದಲ್ಲಿ ಹುಲಿ, ಪುಸ್ತಕದ ಲೆಕ್ಕದಲ್ಲಿ ಇಲಿ ಆಗಿದ್ದರು.

ಕೆಲವೊಮ್ಮೆ ಸಂಗತಿ ಹುಡುಕಬೇಕಾಗಿಯೇ ಇಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಹತ್ತು ಸಾವಿರಕ್ಕಿಂತ ಕೆಳಗೆ ಬಿದ್ದಿತ್ತು. 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಹತ್ತು ಸಾವಿರ ಇದ್ದದ್ದು ಇಪ್ಪತ್ತಾದರೆ ನೂರು ಪರ್ಸೆಂಟ್ ಏರಿಕೆ, ಅಲ್ಲಿಂದ ಐವತ್ತೇ ಪರ್ಸೆಂಟ್ ಇಳಿದರೆ ಮತ್ತೆ ಹತ್ತು ಸಾವಿರ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಿಸಿಟ್ಟು ರೇಟಿಗೆ ಕಾಯುವ ಮನೆಗಳ ಮಕ್ಕಳು ಇದಕ್ಕೆ ಆಕಳಿಸಲ್ಲ.

ಸಾಲದ ಪಾಠ ಮಾತ್ರ ಬಹಳ ದಿನ ಮುಂದೂಡಿದ್ದೆ, ಪಹಣಿಯ ಪೆಟ್ಟು ನೆನಪಿತ್ತಲ್ಲ. 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ಮೇಲೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಮಕ್ಕಳೇ ಮಾತೆತ್ತಿದರು. ಯಾರ ಮನೆಯದ್ದೂ ಅಲ್ಲದ ಒಂದು ಲೆಕ್ಕ ಮಾಡಿದೆ. 10,000 ಸಾಲ, ವಾರಕ್ಕೆ 230ರಂತೆ 50 ವಾರ, ಒಟ್ಟು 11,500. ಬಡ್ಡಿ ಎಷ್ಟು? ಹದಿನೈದು ಪರ್ಸೆಂಟ್ ಅಂದರು. ಹತ್ತು ಸಾವಿರ ವರ್ಷವಿಡೀ ನಮ್ಮ ಕೈಲೇ ಇರುತ್ತಾ ಅಂತ ಕೇಳಿದೆ. ಇರಲ್ಲ, ವಾರಕ್ಕೆ 200 ಅಸಲು ಕರಗುತ್ತೆ. 10,000, 9,800, 9,600, ಹೀಗೆ ಕೊನೆಗೆ 200. ರಂಗೋಲಿಯ ಹುಡುಗಿಯೇ "ಸಮಾಂತರ ಶ್ರೇಢಿ" ಅಂತ ಕೂಗಿದಳು. ಐವತ್ತು ಪದಗಳ ಮೊತ್ತ 2,55,000, ಸರಾಸರಿ ಬಾಕಿ 5,100. ಅದಕ್ಕೆ 1,500 ಬಡ್ಡಿ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್. ನನಗೆ ಒಳಗೊಳಗೇ ಹೆಮ್ಮೆ, ಊರಿಗೇ ಕಣ್ಣು ತೆರೆಸಿದ ಹಾಗೆ.

ಮಾರನೇ ದಿನ ಒಬ್ಬ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. "ಮೇಷ್ಟ್ರೇ, ಮಗ ಹೇಳ್ದ, ವಾರದ ಸಾಲ ಮೂವತ್ತು ಬೀಳ್ತದಂತೆ, ಹೌದಾ?" ಹೌದಮ್ಮ ಅಂದೆ, ಕೂರಿಸಿ ವಿವರಿಸೋಕೆ ಹೊರಟೆ. ಅವರು ಕೇಳಲಿಲ್ಲ, ಬೆರಳು ಮಡಚಿದರು. "ಊರೊಳಗೆ ತಂದ್ರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಹನ್ನೆರಡು ತಿಂಗಳಿಗೆ ಮೂವತ್ತಾರು. ಹಂಗಾರೆ ವಾರದ್ದೇ ವಾಸಿ ಬಿಡಿ."

ಸೆರಗು ಸರಿ ಮಾಡಿಕೊಂಡು ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, "ಸಂಘದ ಬ್ಯಾಂಕ್ ಸಾಲದ್ದೂ ಹಿಂಗೇ ಬಿಡಿಸಿ ಹೇಳ್ಕೊಡಿ ಮೇಷ್ಟ್ರೇ, ನಮ್ಮ ಹುಡುಗ ಬಂದು ಹೇಳ್ತಾನೆ" ಅಂದರು. ಮುಂದಿನ ಸೋಮವಾರದ ಪಾಠ ಅದೇ.